ಕೀಲು

ಎತ್ತಿನ ಬಂಡಿಯ ಗಾಲಿಯು ಅಚ್ಚಿನಿಂದ ಕಳಚಿಹೋಗದಂತೆ ತುದಿಯಲ್ಲಿ ಸಿಕ್ಕಿಸುವ ಕಬ್ಬಿಣದ ಸಣ್ಣ ತುಂಡಿಗೆ ಕನ್ನಡದಲ್ಲಿ ಕಡೆಗೀಲು ಎಂದು ಹೆಸರು. ಬಾಗಿಲನ್ನು ಚೌಕಟ್ಟಿಗೆ ಹಿಡಿದಿಟ್ಟು ತಿರುಗಿಸುವುದೂ ಕೀಲು. ಗೊಂಬೆಯಾಟದ ಗೊಂಬೆಯು ತೋಳನ್ನೆತ್ತುವುದೂ ಕೀಲಿನಿಂದಲೇ. ಅದೇ ಮಾತನ್ನು ಮೊಣಕಾಲಿಗೂ ಮೊಣಕೈಗೂ ಹಚ್ಚಿ, ಮುಪ್ಪಿನಲ್ಲಿ ಅಜ್ಜಿಯರು ‘ಕೀಲು ಕೀಲೂ ನೋಯುತ್ತದಪ್ಪಾ’ ಎನ್ನುತ್ತಾರೆ. ಬಡಗಿಯ ಕೆಲಸಕ್ಕೂ ಮಾನವಶರೀರಕ್ಕೂ ಒಂದೇ ಶಬ್ದವನ್ನು ಬಳಸಿದ ಹಿಂದಿನವರು ಯಾವ ಸಿದ್ಧಾಂತವನ್ನೂ ಸ್ಥಾಪಿಸಲು ಹೊರಟವರಲ್ಲ. ಎರಡು ಗಟ್ಟಿಯಾದ ವಸ್ತುಗಳು ಬೇರೆಯಾಗದೆ, ಆದರೂ ಒಂದರ ಮೇಲೊಂದು ತಿರುಗುವಂತೆ ಕೂಡಿದ ಎಡೆಯನ್ನು ಅವರು ಕಣ್ಣಾರೆ ಕಂಡರು, ಕಂಡದ್ದಕ್ಕೆ ಹೆಸರಿಟ್ಟರು. ಆದರೆ ಆ ಒಂದು ಹೆಸರಿನೊಳಗೆ ದೊಡ್ಡದೊಂದು ಪ್ರಶ್ನೆ ಅಡಗಿದೆ. ಮನುಷ್ಯನ ದೇಹವು ಯಂತ್ರವೆ? ಹೌದಾದರೆ ಎಷ್ಟರ ಮಟ್ಟಿಗೆ? ಈ ಪ್ರಶ್ನೆಯು ಪಂಡಿತರ ಚರ್ಚೆಗೆ ಮಾತ್ರ ಮೀಸಲಾದುದಲ್ಲ. ಅದಕ್ಕೆ ಕೊಡುವ ಉತ್ತರವನ್ನು ಅನುಸರಿಸಿಯೇ ರೋಗಿಯನ್ನು ಕಾಣುವ ದೃಷ್ಟಿಯೂ, ಕೂಲಿಕಾರನ ಬೆನ್ನಿನ ಮೇಲೆ ಹೇರುವ ಹೊರೆಯೂ ನಿರ್ಧಾರವಾಗುತ್ತವೆ.

‘ಯಂತ್ರ’ವೆಂಬ ಸಂಸ್ಕೃತ ಶಬ್ದದ ಮೂಲದಲ್ಲಿ ಹಿಡಿದಿಡು, ನಿಯಂತ್ರಿಸು ಎಂಬ ಅರ್ಥವುಂಟು. ಏತವನ್ನು ಕಂಡವರಿಗೆ ಇದು ಬೇಗ ಮನದಟ್ಟಾದೀತು. ಬಾವಿಯ ಪಕ್ಕದಲ್ಲಿ ನೆಟ್ಟ ಒಂದು ಕಂಬ. ಅದರ ಮೇಲೆ ಅಡ್ಡಲಾಗಿ ತೂಗುವ ಉದ್ದನೆಯ ಮರ. ಮರದ ಒಂದು ತುದಿಯಿಂದ ಇಳಿಬಿಟ್ಟ ಬಿದಿರಗಳುವಿಗೆ ಕಟ್ಟಿದ ಪಾತ್ರೆ. ಇನ್ನೊಂದು ತುದಿಯಲ್ಲಿ ಕಲ್ಲಿನ ಭಾರ. ಒಂದು ತುದಿ ಕೆಳಗಿಳಿದರೆ ಮತ್ತೊಂದು ತುದಿ ಮೇಲೇಳಲೇಬೇಕು, ಬೇರೆ ದಾರಿಯಿಲ್ಲ. ಕಂಬಕ್ಕೆ ನೀರಿನ ವಿಚಾರ ತಿಳಿಯದು. ಕಲ್ಲಿಗೆ ಪೈರಿನ ಚಿಂತೆಯಿಲ್ಲ. ಆದರೂ ಇವೆಲ್ಲವೂ ಒಂದು ಕ್ರಮದಲ್ಲಿ ಕೂಡಿದಾಗ ನೀರು ಮೇಲೆ ಬರುತ್ತದೆ. ಹೀಗೆ ಒಂದು ಭಾಗದ ಚಲನೆಯು ಇನ್ನೊಂದು ಭಾಗದ ಚಲನೆಯನ್ನು ತಪ್ಪದೆ ಉಂಟುಮಾಡುವಂತೆ ಭಾಗಗಳನ್ನು ಜೋಡಿಸಿದ ವ್ಯವಸ್ಥೆಯೇ ಯಂತ್ರರಚನೆ. ನೀರೆತ್ತುವ ಗುಣವು ಯಾವುದೊಂದು ತುಂಡಿನಲ್ಲಿಯೂ ಇಲ್ಲ, ಜೋಡಣೆಯಲ್ಲಿದೆ. ಇಷ್ಟನ್ನು ಒಪ್ಪಿದ ಮೇಲೆ ದೇಹದಲ್ಲಿಯೂ ಯಂತ್ರರಚನೆಯುಂಟೆಂದು ಹೇಳುವುದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ.

ಈ ಮಾತನ್ನು ಲೆಕ್ಕಹಾಕಿ ತೋರಿಸಿದವರಲ್ಲಿ ಮೊದಲಿಗನೆಂದು ಹೇಳಬಹುದಾದವನು ಇಟಲಿಯ ಗಣಿತಜ್ಞ ಬೊರೆಲ್ಲಿ. ‘ಪ್ರಾಣಿಗಳ ಚಲನೆ’ಯನ್ನು ಕುರಿತ ಅವನ ಗ್ರಂಥವು ಅವನು ತೀರಿಕೊಂಡ ಮೇಲೆ, 1680-81ರಲ್ಲಿ ಅಚ್ಚಾಯಿತು. ಮೂಳೆಗಳು ಸನ್ನೆಕೋಲುಗಳು, ಕೀಲುಗಳು ಅವುಗಳ ಆನಿಕೆ, ಸ್ನಾಯುಗಳು ಎಳೆಯುವ ಶಕ್ತಿ ಎಂದು ಇಟ್ಟುಕೊಂಡು ಅವನು ಲೆಕ್ಕ ಮಾಡಿದನು. ದೇಹವು ಅಲ್ಪಶಕ್ತಿಯಿಂದ ಹೆಚ್ಚಿನ ಭಾರವನ್ನೆತ್ತುತ್ತದೆ ಎಂದು ಹಿಂದಿನವರು ತಿಳಿದಿದ್ದರು. ಸನ್ನೆಕೋಲಿನ ಪ್ರಯೋಜನವೇ ಅದಲ್ಲವೆ? ಆದರೆ ಬೊರೆಲ್ಲಿಗೆ ಸಿಕ್ಕ ಉತ್ತರ ನೇರವಾಗಿ ವಿರುದ್ಧವಾಗಿತ್ತು. ಬಾಗಿಲನ್ನು ಹಿಡಿಕೆಯ ಬಳಿ ತಳ್ಳಿದರೆ ಬೆರಳೊಂದೇ ಸಾಕು. ಕೀಲಿನ ಪಕ್ಕದಲ್ಲಿ ತಳ್ಳಿದರೆ ಮೈಯೆಲ್ಲ ಬೇಕು. ತೋಳಿನ ಸ್ನಾಯುವು ಮುಂಗೈ ಮೂಳೆಗೆ ಅಂಟಿಕೊಂಡಿರುವುದು ಮೊಣಕೈಯ ಕೀಲಿನಿಂದ ಸುಮಾರು 5 ಸೆಂಟಿಮೀಟರು ದೂರದಲ್ಲಿ. ಅಂಗೈ ಇರುವುದು ಸುಮಾರು 35 ಸೆಂಟಿಮೀಟರು ದೂರದಲ್ಲಿ. ಅಂಗೈಯಲ್ಲಿ 5 ಕಿಲೋಗ್ರಾಂ ಅಕ್ಕಿಯ ಚೀಲವನ್ನು ಹಿಡಿದವನ ಸ್ನಾಯುವು ಅದರ ಏಳರಷ್ಟು, ಅಂದರೆ 35 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕಾಗುತ್ತದೆ. ಕೈಯ ಸ್ವಂತ ತೂಕ ಇದರಲ್ಲಿ ಸೇರಿಲ್ಲ. ಇದೆಂತಹ ದುಂದುಗಾರಿಕೆ ಎಂದು ತೋರಬಹುದು. ಆದರೆ ಸ್ನಾಯುವು ಒಂದಂಗುಲ ಕುಗ್ಗಿದರೆ ಅಂಗೈಯು ಸುಮಾರು ಏಳಂಗುಲ ಬೀಸಿಬರುತ್ತದೆ. ಬಲವನ್ನು ಕೊಟ್ಟು ವೇಗವನ್ನು ಕೊಂಡುಕೊಂಡ ಏರ್ಪಾಡು ಇದು. ಕವಣೆಯನ್ನು ಬೀಸುವವನಿಗೂ ಚೆಂಡನ್ನೆಸೆಯುವವನಿಗೂ ಅದರ ಬೆಲೆ ಗೊತ್ತು.

ಇನ್ನೊಂದು ಪ್ರಸಂಗ ಇದಕ್ಕಿಂತಲೂ ಸ್ವಾರಸ್ಯವಾದುದು. 1866ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದಲ್ಲಿ ಮೇಯರ್ ಎಂಬ ಅಂಗರಚನಾ ಶಾಸ್ತ್ರಜ್ಞನು ತೊಡೆಯ ಮೂಳೆಯ ಮೇಲ್ತುದಿಯನ್ನು ಉದ್ದಕ್ಕೆ ಸೀಳಿ, ಒಳಗಿನ ಜಾಲರಿಯಂತಹ ರಚನೆಯನ್ನು ಚಿತ್ರಿಸಿ ತೋರಿಸಿದನು. ಮೂಳೆಯ ಒಳಭಾಗವು ಗಟ್ಟಿಯಾದ ಕಲ್ಲಿನಂತಿರುವುದಿಲ್ಲ. ಸೂಕ್ಷ್ಮವಾದ ಎಳೆಗಳು ಕಮಾನುಗಳಂತೆ ಬಾಗಿ ಒಂದನ್ನೊಂದು ಹಾಯ್ದುಹೋಗುತ್ತವೆ. ಆ ಚಿತ್ರವನ್ನು ಕಂಡ ಕುಲ್ಮನ್ ಎಂಬ ಇಂಜಿನಿಯರನು ಬೆರಗಾದನು. ಭಾರವನ್ನೆತ್ತುವ ಕ್ರೇನಿನ ಬಾಗಿದ ತೋಳಿನಲ್ಲಿ ಒತ್ತಡವೂ ಎಳೆತವೂ ಯಾವ ರೇಖೆಗಳಲ್ಲಿ ಹರಿಯುತ್ತವೆಂದು ಅವನು ಗಣಿತದಿಂದ ಎಳೆಯುತ್ತಿದ್ದ ರೇಖೆಗಳೂ ಮೂಳೆಯ ಎಳೆಗಳೂ ಬಹುಮಟ್ಟಿಗೆ ಒಂದೇ ಆಗಿದ್ದವು. ದೇಹವು ಯಂತ್ರವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ ಎಂದು ಯಾರಾದರೂ ಕೇಳಿಯಾರು.

ಆದರೆ ಇಲ್ಲಿಯೇ ದಾರಿ ಕವಲೊಡೆಯುತ್ತದೆ. ಕ್ರೇನಿನ ರೇಖೆಗಳನ್ನು ಎಳೆದವನು ಇಂಜಿನಿಯರು. ಎಳೆದದ್ದು ಕಾಗದದ ಮೇಲೆ, ಕ್ರೇನು ಹುಟ್ಟುವುದಕ್ಕೆ ಮುಂಚೆ. ಮೂಳೆಯ ರೇಖೆಗಳಾದರೋ ಮೂಳೆಯು ಭಾರ ಹೊರುತ್ತಿರುವಾಗಲೇ ಮೂಡುತ್ತವೆ, ಭಾರ ಬದಲಾದರೆ ತಾವೂ ಬದಲಾಗುತ್ತವೆ. ಜರ್ಮನಿಯ ಶಸ್ತ್ರವೈದ್ಯ ವೋಲ್ಫನು 1892ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನಿಯಮವನ್ನೇ ಪ್ರತಿಪಾದಿಸಿದನು. ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಹಗಲಿರುಳು ದುಡಿಯುತ್ತಿರುತ್ತವೆ. ಪ್ರಾಯದವರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತರಲ್ಲೊಂದು ಭಾಗ ಹೊಸದಾಗುತ್ತದೆ. ಟೆನ್ನಿಸ್ ಆಟಗಾರನ ಒಂದು ತೋಳಿನ ಮೂಳೆ ಇನ್ನೊಂದು ತೋಳಿನದಕ್ಕಿಂತ ದಪ್ಪವಾಗಿರುವುದು ಇದರಿಂದಲೇ. ಭಾರವೇ ತಿಳಿಯದ ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇದ್ದು ಬಂದವರ ಸೊಂಟದ ಮೂಳೆಯು ತಿಂಗಳಿಗೆ ನೂರಕ್ಕೆ ಒಂದು ಅಥವಾ ಒಂದೂವರೆ ಭಾಗದಷ್ಟು ನಷ್ಟವಾಗಿರುವುದು ಕಂಡುಬಂದಿದೆ. ಕೆಲಸವಿಲ್ಲದೆ ನಿಂತ ಕ್ರೇನಿಗೆ ತುಕ್ಕು ಹಿಡಿಯಬಹುದು. ಆದರೆ ‘ಇನ್ನು ಭಾರವಿಲ್ಲ’ ಎಂದು ಅದು ತನ್ನ ಉಕ್ಕನ್ನು ತಾನೇ ಕರಗಿಸಿಕೊಳ್ಳುವುದಿಲ್ಲ.

ಬಂಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯ ವಿಷಯವನ್ನೂ ಇಲ್ಲಿ ನೆನೆಯಬೇಕು. ಹರಳೆಣ್ಣೆಯನ್ನು ಸವರದಿದ್ದರೆ ಗಾಲಿಯು ಕಿರ್ರೆಂದು ಊರಿಗೇ ಕೇಳುವಂತೆ ಕೂಗುತ್ತದೆ. ದೇಹದ ಕೀಲಿನಲ್ಲಿಯೂ ಜಿಗುಟಾದ ಒಂದು ದ್ರವವುಂಟು. ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯೂ ಉಂಟು. ಇವೆರಡೂ ಕೂಡಿ ಘರ್ಷಣೆಯನ್ನು ಎಷ್ಟು ಕಡಿಮೆಮಾಡುತ್ತವೆಂದರೆ, ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವಾಗಲೂ ಅದಕ್ಕಿಂತ ಹೆಚ್ಚಿನ ಘರ್ಷಣೆಯಿರುತ್ತದೆ. ಇಲ್ಲಿಯವರೆಗೆ ಹೋಲಿಕೆ ಸರಿ. ಆದರೆ ಆ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದಕ್ಕೆ ಆಹಾರವು ಸೇರುವುದು ಆ ದ್ರವದ ಮೂಲಕ. ನಡೆಯುವಾಗ ಮೃದ್ವಸ್ಥಿಯು ಸ್ಪಂಜಿನಂತೆ ಅದುಮಿಕೊಂಡು ಮತ್ತೆ ಉಬ್ಬುವುದರಿಂದ ದ್ರವದ ಓಡಾಟ ನಡೆಯುತ್ತದೆ. ಬಂಡಿಯ ಅಚ್ಚು ಉರುಳಿದಷ್ಟೂ ಸವೆಯುತ್ತದೆ. ಕಾಲಿನ ಕೀಲಾದರೋ ಹದವಾಗಿ ಆಡಿದಷ್ಟೂ ಉಣ್ಣುತ್ತದೆ. ಮುರಿದ ಕೈಗೆ ವಾರಗಟ್ಟಲೆ ಪಟ್ಟಿ ಕಟ್ಟಿಸಿಕೊಂಡವರಿಗೆ ಅದನ್ನು ಬಿಚ್ಚಿದ ದಿನ ಮೊಣಕೈ ಹೇಗೆ ಬಿಗಿದುಕೊಂಡಿತ್ತೆಂಬುದು ಮರೆಯುವುದಿಲ್ಲ.

ಹಾಗಾದರೆ ಯಂತ್ರವೆಂಬ ಹೋಲಿಕೆಯನ್ನೇ ಕೈಬಿಡಬೇಕೆ? ಬೇಡ. ಅದನ್ನು ಕೈಬಿಟ್ಟಿದ್ದರೆ ಇಂದು ಕೋಲೂರಿಕೊಂಡೂ ನಡೆಯಲಾರದೆ ಹಾಸಿಗೆ ಹಿಡಿದಿರಬೇಕಾಗಿದ್ದವರು ಲಕ್ಷಾಂತರ ಮಂದಿ. ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿಯ ಬಳಿಗೆ ಒಬ್ಬ ರೋಗಿ ಬಂದಿದ್ದನು. ಅವನ ಸೊಂಟದಲ್ಲಿ ಆ ಕಾಲದ ಕೃತಕ ಕೀಲೊಂದನ್ನು ಅಳವಡಿಸಲಾಗಿತ್ತು. ಅವನು ಊಟದ ಮೇಜಿನ ಬಳಿ ಮುಂದಕ್ಕೆ ಬಾಗಿದಾಗಲೆಲ್ಲ ಅದು ಕಿರುಗುಟ್ಟುತ್ತಿತ್ತು. ಆ ಸದ್ದನ್ನು ತಾಳಲಾರದೆ ಅವನ ಹೆಂಡತಿ ಎದ್ದುಹೋಗುತ್ತಿದ್ದಳಂತೆ. ಬೇರೆಯವರು ನಕ್ಕು ಬಿಡಬಹುದಾಗಿದ್ದ ಆ ಸದ್ದನ್ನು ಚಾರ್ನ್‌ಲಿಯು ಬಂಡಿಕಾರನಂತೆ ಕೇಳಿದನು: ಎಲ್ಲಿಯೋ ಘರ್ಷಣೆ ಹೆಚ್ಚಾಗಿದೆ! ಘರ್ಷಣೆಯನ್ನು ತಗ್ಗಿಸುವುದೇ ಅವನ ಗುರಿಯಾಯಿತು. ಚಿಕ್ಕದಾದ ಲೋಹದ ಗುಂಡು, ಅದಕ್ಕೆ ಟೆಫ್ಲಾನಿನ ಬಟ್ಟಲು. ಮೊದಲಲ್ಲಿ ಎಲ್ಲವೂ ಚೆನ್ನಾಗಿಯೇ ಇತ್ತು. ಕೆಲವೇ ವರ್ಷಗಳಲ್ಲಿ ಬಟ್ಟಲುಗಳು ಸವೆದವು. ಸವೆದ ಪುಡಿಯು ಸುತ್ತಲಿನ ಮಾಂಸವನ್ನು ಕೆಡಿಸಿತು. ನೂರಾರು ರೋಗಿಗಳ ಪಾಲಿಗೆ ಆ ಚಿಕಿತ್ಸೆ ವಿಫಲವಾಯಿತು. ಆಗ ಅವನು ಆ ಪದಾರ್ಥದ ಪುಡಿಯನ್ನೂ ಅದರ ಬದಲಿಗೆ ಬರಲಿದ್ದ ಪಾಲಿಥಿಲೀನಿನ ಪುಡಿಯನ್ನೂ ತನ್ನ ತೊಡೆಯೊಳಗೇ ಸೇರಿಸಿಕೊಂಡು ಪರೀಕ್ಷೆ ಮಾಡಿದನು. 1962ರಿಂದ ಪಾಲಿಥಿಲೀನಿನ ಬಟ್ಟಲು ಬಳಕೆಗೆ ಬಂದಿತು. ಇಂದಿನ ಕೃತಕ ಸೊಂಟದ ಕೀಲು ಅದರ ವಂಶದ್ದೇ.

ಮನುಷ್ಯನನ್ನು ಯಂತ್ರವೆಂದು ಕಂಡುದರಿಂದ ಚಾರ್ನ್‌ಲಿಯು ಮನುಷ್ಯನನ್ನು ಅವಮಾನಿಸಿದನೆಂದು ಯಾರೂ ಹೇಳಲಾರರು. ಆದರೂ ಆ ಕೃತಕ ಕೀಲಿಗೆ ಒಂದು ಮಿತಿಯುಂಟು. ನಡೆಯುವವನ ಒಂದೊಂದು ಕಾಲೂ ವರ್ಷಕ್ಕೆ ಸುಮಾರು ಹತ್ತು ಲಕ್ಷ ಹೆಜ್ಜೆಗಳನ್ನಿಡುತ್ತದೆ. ಹೆಜ್ಜೆಹೆಜ್ಜೆಗೂ ಸೊಂಟದ ಕೀಲಿನ ಮೇಲೆ ಮೈತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಅಷ್ಟು ಸವೆತವನ್ನು ಲೋಹವೂ ಪಾಲಿಥಿಲೀನೂ ಸಹಿಸಿಕೊಳ್ಳುತ್ತವೆ, ತುಂಬಿಕೊಳ್ಳುವುದಿಲ್ಲ.

ಹೋಲಿಕೆಯನ್ನು ಅರ್ಧದಲ್ಲಿ ಬಿಟ್ಟರೆ ಏನಾಗುವುದೆಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವುಂಟು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಮುಂತಾದ ಒಣಸೀಮೆಗಳ ಅನೇಕ ಹಳ್ಳಿಗಳಲ್ಲಿ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಲೀಟರು ನೀರಿನಲ್ಲಿ ಅದು 1 ಮಿಲಿಗ್ರಾಮನ್ನು ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು. ಅದಕ್ಕಿಂತ ಬಹಳ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಮೊದಲು ಮಕ್ಕಳಿದ್ದಾಗ ಹಲ್ಲಿನ ಮೇಲೆ ಕಂದು ಬಣ್ಣದ ಕಲೆಗಳು ಮೂಡುತ್ತವೆ. ಅನಂತರ ಮೂಳೆಗಳನ್ನು ಬಿಗಿದಿಡುವ ರಜ್ಜುಗಳಲ್ಲಿ ಸುಣ್ಣ ಕಟ್ಟುತ್ತದೆ. ಬೆನ್ನು ಬಾಗುವುದಿಲ್ಲ, ಕತ್ತು ತಿರುಗುವುದಿಲ್ಲ, ನೆಲಕ್ಕೆ ಕುಳಿತವರು ಏಳಲಾರರು. ಭಾರತದಲ್ಲಿ ಈ ರೋಗವನ್ನು ವೈದ್ಯರು ಗುರುತಿಸಿದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಸೀಮೆಯಲ್ಲಿ. ಅದಕ್ಕೆ ಮುಂಚೆ ಎಷ್ಟು ತಲೆಮಾರುಗಳವರು ಅದನ್ನು ಹಣೆಬರಹವೆಂದು ಭಾವಿಸಿ ಬಾಗಿದ ಬೆನ್ನಿನಲ್ಲಿಯೇ ಬಾಳನ್ನು ಸವೆಸಿದರೋ! ಕೀಲು ಸೆಡೆತುಕೊಳ್ಳುವುದಕ್ಕೆ ಕಾರಣವೊಂದುಂಟು, ಆ ಕಾರಣವು ಕೊಡದಲ್ಲಿರುವ ನೀರಿನಲ್ಲುಂಟು ಎಂದು ತೋರಿಸಿಕೊಟ್ಟದ್ದು ಯಂತ್ರರಚನೆಯನ್ನು ಹುಡುಕುವ ಬುದ್ಧಿಯೇ. ಶಾಪಕ್ಕೆ ಶಾಂತಿ ಮಾಡಿಸಬಹುದಷ್ಟೆ, ನೀರನ್ನಾದರೆ ಬದಲಾಯಿಸಬಹುದು.

ಅದೇ ನೀರನ್ನು ಕೊಳವೆಬಾವಿಯ ಪಂಪು ದಿನವೆಲ್ಲ ಎತ್ತುತ್ತದೆ. ಅದರೊಳಗೂ ಗಾರು ಕಟ್ಟಬಹುದು; ಬಿಚ್ಚಿ ಕೆರೆದರೆ ಮುಗಿಯಿತು. ಮನುಷ್ಯನನ್ನು ಬಿಚ್ಚಿ ಕೆರೆಯಲಾಗದು. ಪಂಪಿನ ಉಕ್ಕು ನೀರಿನಿಂದ ಹುಟ್ಟಿದುದಲ್ಲ; ಮೂಳೆಯು ತಾನು ಪಡೆದ ನೀರು ಅನ್ನಗಳಿಂದಲೇ ತನ್ನನ್ನು ಕಟ್ಟಿಕೊಳ್ಳುತ್ತದೆ, ಕಟ್ಟಿಕೊಳ್ಳುವ ಭರದಲ್ಲಿ ಫ್ಲೋರೈಡನ್ನೂ ತನ್ನದಾಗಿ ಮಾಡಿಕೊಳ್ಳುತ್ತದೆ. ಒಮ್ಮೆ ಬಿಗಿದ ಬೆನ್ನನ್ನು ಮತ್ತೆ ಬಳುಕಿಸುವ ಔಷಧವಿಲ್ಲ. ಆದುದರಿಂದ ಈ ರೋಗದ ಚಿಕಿತ್ಸೆಯು ಆಸ್ಪತ್ರೆಯಲ್ಲಿ ನಡೆಯತಕ್ಕದ್ದಲ್ಲ, ಊರಿನ ನಲ್ಲಿಯ ಬಳಿ ನಡೆಯಬೇಕಾದುದು; ಅದೂ ಮಗುವಿನ ಹಲ್ಲು ಹುಟ್ಟುವುದಕ್ಕೆ ಮುಂಚೆ. ಊರೂರಿನಲ್ಲಿ ನಿಲ್ಲಿಸಿರುವ ಶುದ್ಧ ಕುಡಿಯುವ ನೀರಿನ ಘಟಕವು ಕೆಟ್ಟು ಒಂದು ತಿಂಗಳು ಬಾಗಿಲು ಹಾಕಿದರೆ, ಕೆಟ್ಟದ್ದು ಒಂದು ಯಂತ್ರ ಮಾತ್ರವೆಂದು ಯಾರೂ ತಿಳಿಯಬಾರದು.

ಇನ್ನು ಹೊರೆಯ ಮಾತು. ಅಮೆರಿಕದ ಇಂಜಿನಿಯರ್ ಫ್ರೆಡರಿಕ್ ಟೇಲರನು ಕೆಲಸಗಾರನ ಒಂದೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆದವನು. ಉಕ್ಕಿನ ಕಾರ್ಖಾನೆಯೊಂದರಲ್ಲಿ ಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲುಬಂಡಿಗೆ ತುಂಬುವವರು ದಿನಕ್ಕೆ ತಲಾ ಹನ್ನೆರಡೂವರೆ ಟನ್ನು ಹೊರುತ್ತಿದ್ದರು. ತಾನು ಹೇಳಿದಂತೆ ಮಾಡಿದವನು ನಲವತ್ತೇಳೂವರೆ ಟನ್ನು ಹೊತ್ತನೆಂದು ಅವನು 1911ರ ತನ್ನ ಪುಸ್ತಕದಲ್ಲಿ ಬರೆದನು. ಒಂದೊಂದು ಗಟ್ಟಿಯ ತೂಕ ಸುಮಾರು 42 ಕಿಲೋಗ್ರಾಂ. ಅಂಥ ಕೆಲಸಗಾರನನ್ನು ಎತ್ತಿಗೆ ಹೋಲಿಸಿ ಬರೆಯಲು ಅವನಿಗೆ ಸಂಕೋಚವಾಗಲಿಲ್ಲ. ಆದರೂ ಅದೇ ಪುಸ್ತಕದಲ್ಲಿ ಅವನ ಲೆಕ್ಕವೇ ಅವನಿಗೆ ಎದುರುಬೀಳುತ್ತದೆ. ಅಷ್ಟು ಭಾರದ ಗಟ್ಟಿಯನ್ನು ಹೊರುವವನು ದಿನದಲ್ಲಿ ನೂರಕ್ಕೆ 43 ಪಾಲಿನ ಹೊತ್ತು ಮಾತ್ರ ಹೊರೆಯ ಕೆಳಗಿರಬಹುದು, ಮಿಕ್ಕ 57 ಪಾಲು ಅವನ ಮೇಲೆ ಹೊರೆಯಿರಬಾರದು ಎಂದು ಅವನೇ ಕಂಡುಕೊಂಡನು. ಎಂಟು ಮಂದಿಯಲ್ಲಿ ಒಬ್ಬನಿಗೆ ಮಾತ್ರ ಆ ಕೆಲಸ ಸಾಧ್ಯವೆಂದೂ ಒಪ್ಪಿಕೊಂಡನು. ಮಿಕ್ಕ ಏಳು ಮಂದಿಯ ಗತಿಯೇನು ಎಂಬ ಪ್ರಶ್ನೆಯು ಯಂತ್ರದ ಲೆಕ್ಕದೊಳಗೆ ಬರುವುದಿಲ್ಲ.

ಬೊರೆಲ್ಲಿಯ ಸನ್ನೆಕೋಲಿನ ಲೆಕ್ಕವನ್ನು ಬೆನ್ನಿಗೆ ಅನ್ವಯಿಸಿ ನೋಡಬಹುದು. ಬೆನ್ನಿನ ಸ್ನಾಯುಗಳು ಬೆನ್ನೆಲುಬಿನ ಆನಿಕೆಯಿಂದ ಸುಮಾರು 5 ಸೆಂಟಿಮೀಟರು ಹಿಂದಿವೆ. ಬಾಗಿಕೊಂಡು 20 ಕಿಲೋಗ್ರಾಂ ಭಾರವನ್ನು ಮೈಯಿಂದ 40 ಸೆಂಟಿಮೀಟರು ಮುಂದೆ ಹಿಡಿದವನ ಬೆನ್ನು 160 ಕಿಲೋಗ್ರಾಮಿಗೆ ಸಮನಾದ ಬಲದಿಂದ ಎಳೆಯಬೇಕು. ಅದೇ ಭಾರವನ್ನು ಎದೆಗವಚಿಕೊಂಡರೆ ಅದರ ಅರ್ಧವೂ ಬೇಡ. ಒಂದು ಕಾಲದಲ್ಲಿ ಧಾನ್ಯದ ಗೋಣಿಚೀಲವು ಕ್ವಿಂಟಾಲಿನ ಹತ್ತಿರ ತೂಗುತ್ತಿತ್ತು. ವಯಸ್ಕ ಗಂಡಾಳೊಬ್ಬನು ಹೊರಬಹುದಾದ ಹೆಚ್ಚಿನ ಭಾರ 55 ಕಿಲೋಗ್ರಾಮೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಶಿಫಾರಸು ಮಾಡಿತು. ಈಗ 50 ಕಿಲೋಗ್ರಾಂ ಚೀಲವೇ ವಾಡಿಕೆಯಾಗಿದೆ. ಮಗುವಿನ ಶಾಲೆಯ ಚೀಲವು ಅದರ ಮೈತೂಕದ ಹತ್ತರಲ್ಲೊಂದು ಪಾಲನ್ನು ಮೀರಬಾರದೆಂದು 2020ರ ಶಾಲಾಚೀಲ ನೀತಿಯು ಹೇಳುತ್ತದೆ. ಸನ್ನೆಕೋಲಿನ ಗಣಿತ ತಿಳಿದವರು ಇದ್ದುದರಿಂದಲೇ ಇಂತಹ ಮಿತಿಗಳು ಹುಟ್ಟಿದವು. ದೇಹವನ್ನು ಯಂತ್ರವೆಂದು ಬಲ್ಲವನೇ ಅದು ಯಂತ್ರಕ್ಕಿಂತ ಬೇರೆಯಾದುದೆಂದೂ ಹೇಳಬಲ್ಲನು. ಬರಿಯ ಮರುಕದಿಂದ ಮೂಟೆಯ ತೂಕ ಇಳಿಯುತ್ತಿರಲಿಲ್ಲವೆಂದೇ ತೋರುತ್ತದೆ.

ಆದರೆ ತೂಕವನ್ನು ಮಿತಿಗೊಳಿಸಿದರೆ ಸಾಲದು, ಹೊತ್ತನ್ನೂ ಮಿತಿಗೊಳಿಸಬೇಕು. ಬೆನ್ನೆಲುಬಿನ ಮಣಿಮಣಿಯ ನಡುವೆಯೂ ಮೆತ್ತನೆಯ ಬಿಲ್ಲೆಗಳುಂಟು. ಹಗಲೆಲ್ಲ ಭಾರ ಬಿದ್ದು ಅವುಗಳಲ್ಲಿನ ನೀರಿನ ಅಂಶ ಹಿಂಡಿಹೋಗುತ್ತದೆ. ರಾತ್ರಿ ಮಲಗಿದಾಗ ಅವು ಅದನ್ನು ಮತ್ತೆ ಹೀರಿಕೊಂಡು ಉಬ್ಬುತ್ತವೆ. ಗೋದಾಮಿನ ಮುಂದೆ ನಿಂತ ಲಾರಿಯ ಕಮಾನುಪಟ್ಟಿಗಳು ಸಂಜೆ ಎಷ್ಟು ಸವೆದಿದ್ದವೋ ಬೆಳಗ್ಗೆಯೂ ಅಷ್ಟೇ ಸವೆದಿರುತ್ತವೆ. ಅದಕ್ಕೆ ಮೂಟೆ ತುಂಬಿದವನು ಮಾತ್ರ, ನಿದ್ರೆ ಸಿಕ್ಕಿದ್ದರೆ, ರಾತ್ರಿಗಿಂತ ಒಂದೆರಡು ಸೆಂಟಿಮೀಟರು ಎತ್ತರವಾಗಿ ಏಳುತ್ತಾನೆ. ಇದನ್ನು ನಂಬದವರು ಮಲಗುವ ಮುಂಚೆ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತು, ನೆತ್ತಿಯ ಮಟ್ಟಕ್ಕೆ ಸೀಸದಕಡ್ಡಿಯಿಂದ ಒಂದು ಗೆರೆ ಎಳೆಸಿಕೊಂಡು, ಬೆಳಗ್ಗೆ ಹಾಸಿಗೆಯಿಂದ ಎದ್ದೊಡನೆ ಅಲ್ಲಿಯೇ ಇನ್ನೊಂದು ಗೆರೆ ಎಳೆಸಿಕೊಂಡು ನೋಡಬಹುದು.